82ರ ಅಜ್ಜನಿಗೆ ತೀವ್ರ ಹೃದಯಾಘಾತ: ಉಳಿಯುತ್ತಾರಾ?

ಶಿರಸಿಯ ನಿಮ್ಮ ಅಜ್ಜ ಉಳಿಯುತ್ತಾರಾ ಎಂದು ಕೇಳಿದ್ದೀರಿ. ವಯಸ್ಸೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ಹೆಚ್ಚು ಅಪಾಯ ಮೊದಲ 30 ದಿನ, ಅದರಲ್ಲೂ ಮೊದಲ ಎರಡು ಮೂರು ದಿನ. ಬಿಪಿ ಕುಸಿದು, ಕೈಕಾಲು ತಣ್ಣಗಾಗಿ, ಮೂತ್ರ ಕಡಿಮೆಯಾಗಿದ್ದರೆ ಅದು ಕಾರ್ಡಿಯೋಜೆನಿಕ್ ಶಾಕ್, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ತಳ್ಳಲಾಗದ ಸ್ಥಿತಿ, ಇರಬಹುದು. ಅದರಲ್ಲಿ ಚಿಕಿತ್ಸೆ ಸಿಕ್ಕರೂ ಹತ್ತಿರಹತ್ತಿರ ಅರ್ಧದಷ್ಟು ಜನ ಉಳಿಯುವುದಿಲ್ಲ, ಇಳಿವಯಸ್ಸಿನಲ್ಲಿ ಇನ್ನೂ ಕಷ್ಟ. ಅದಿಲ್ಲದಿದ್ದರೆ ದಯವಿಟ್ಟು ಆಸೆ ಬಿಡಬೇಡಿ.

ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಇ.ಎಫ್., ಅಂದರೆ ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬ ಅಂಕಿ, ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ. ಶೇ. 55ರ ಮೇಲಿದ್ದರೆ ಸಹಜ, 40ಕ್ಕಿಂತ ಕೆಳಗಿದ್ದರೆ ಹೃದಯ ದಣಿದಿದೆ. ಆದರೆ ಮೊದಲ ವಾರದ ಅಂಕಿಯೇ ಕೊನೆಯದಲ್ಲ. ಮರಗಟ್ಟಿದ ಸ್ನಾಯು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದುಂಟು. ಕಿಡ್ನಿ ಹೇಗಿದೆ, ಸಕ್ಕರೆ ಕಾಯಿಲೆ ಇದೆಯಾ, ಮೊನ್ನೆಯವರೆಗೆ ತೋಟಕ್ಕೆ ತಾವೇ ನಡೆದು ಹೋಗುತ್ತಿದ್ದರಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ನಮ್ಮ ಕಡೆ ದೊಡ್ಡ ತೊಡಕು ದಾರಿಯದು. ಶಿರಸಿಯಿಂದ ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು) ಆಗದು ಅನ್ನಿಸಿದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಹತ್ತಿರದಲ್ಲೇ ಕೊಡಬಹುದಾ ಎಂದು ಮೊದಲು ಕೇಳಬೇಕು. ತಡವಾಗುವುದು ದಾರಿಯಿಂದಷ್ಟೇ ಅಲ್ಲ: ಹೃದಯಾಘಾತವಾದಾಗ ನಮ್ಮ ಅಜ್ಜಿಗೆ ಎದೆನೋವೇ ಇರಲಿಲ್ಲ, ಬರೀ ಬೆವರು, ಏದುಸಿರು. ಗ್ಯಾಸ್ ಎಂದುಕೊಂಡು ಕಷಾಯ ಕುಡಿಸುತ್ತ ನಾಲ್ಕು ತಾಸು ಕಳೆದುಬಿಟ್ಟೆವು.