ಹಾಸನದಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವ ಬಗ್ಗೆ
ಹಾಸನದ ವಿದ್ಯಾನಗರದಲ್ಲಿ ಸಾಲ ಮಾಡಿ 60 ಲಕ್ಷದ ಮನೆ ಕೊಂಡರೆ 15 ಸಾವಿರ ಬಾಡಿಗೆ ಬರುತ್ತದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ವರ್ಷಕ್ಕೆ 1.8 ಲಕ್ಷ ಅಂದರೆ ಬರೀ 3%. ಗೃಹಸಾಲದ ಬಡ್ಡಿಯೇ ಅದರ ಎರಡರಷ್ಟಕ್ಕಿಂತ ಜಾಸ್ತಿ ಅಲ್ವಾ? ಮೇಲೆ ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬಿದ್ದ ತಿಂಗಳುಗಳು ಬೇರೆ.

ಕೈಯಲ್ಲೇ ಹಣವಿದ್ದು, ಹತ್ತು ಹದಿನೈದು ವರ್ಷ ಕಾಯಬಲ್ಲಿರಾದರೆ ಮಾತು ಬೇರೆ. ಆಗಲೂ ಒಂದು ದೊಡ್ಡ ಮನೆಗಿಂತ ಎರಡು ಸಣ್ಣ ಪೋರ್ಷನ್ ಇರುವುದನ್ನೇ ನೋಡಿ. ಒಂದು ಖಾಲಿಯಾದರೂ ಇನ್ನೊಂದರ ಬಾಡಿಗೆ ನಿಲ್ಲುವುದಿಲ್ಲ. ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ 30% ಭಾಗಕ್ಕೆ ಆದಾಯ ತೆರಿಗೆ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇ-ಖಾತೆ (ಮನೆ ಯಾರ ಹೆಸರಲ್ಲಿದೆ ಅನ್ನುವ ಸ್ಥಳೀಯ ಸಂಸ್ಥೆಯ ಆನ್‌ಲೈನ್ ದಾಖಲೆ), ಇಸಿ (ಆಸ್ತಿಯ ಮೇಲೆ ಸಾಲಸೋಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ಕಣ್ಣಾರೆ ನೋಡದೆ ಮಾತ್ರ ಅಡ್ವಾನ್ಸ್ ಕೊಡಬೇಡಿ.