ಪೊಲೀಸರ ಬಳಿ ಡಿಎನ್‌ಎ ದಾಖಲೆಯೇ ಇಲ್ಲದ 'ಗೋಲ್ಡನ್ ಸ್ಟೇಟ್ ಕಿಲ್ಲರ್' ಸಿಕ್ಕಿಬಿದ್ದದ್ದು ಹೇಗೆ?

ನೆಂಟರ ಮೂಲಕ. 1970–80ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸರಣಿ ಕೊಲೆ, ಅತ್ಯಾಚಾರ ನಡೆಸಿದ ಜೋಸೆಫ್ ಡಿಆಂಜೆಲೊನ ಡಿಎನ್‌ಎ ಪೊಲೀಸರ ಡೇಟಾಬೇಸ್‌ನಲ್ಲಿ ಇರಲಿಲ್ಲ. ಆದರೆ ಅವನ ದೂರದ ಸಂಬಂಧಿಕರು ತಮ್ಮ ವಂಶದ ಬೇರು ಹುಡುಕಲೆಂದು ಜೆಡ್‌ಮ್ಯಾಚ್ ಎಂಬ ವೆಬ್‌ಸೈಟಿಗೆ ತಮ್ಮ ಡಿಎನ್‌ಎ ವಿವರ ಹಾಕಿದ್ದರು. ಹಳೆಯ ಅಪರಾಧದ ಸಾಕ್ಷ್ಯದಲ್ಲಿ ಉಳಿದಿದ್ದ ಅಪರಾಧಿಯ ಡಿಎನ್‌ಎ ವಿವರವನ್ನು ತನಿಖೆಯವರೂ ಅಲ್ಲಿಗೇ ಹಾಕಿ ಹೋಲಿಸಿದರು.

ಪೊಲೀಸರ ಡೇಟಾಬೇಸ್ ಡಿಎನ್‌ಎಯಲ್ಲಿ ಸುಮಾರು 20 ಜಾಗಗಳನ್ನಷ್ಟೇ ನೋಡುತ್ತದೆ. ಅದೇ ವ್ಯಕ್ತಿಯನ್ನೋ, ಜಾಸ್ತಿ ಅಂದ್ರೆ ಅಪ್ಪ, ಮಗ, ಅಣ್ಣ, ತಮ್ಮನನ್ನೋ ಗುರುತಿಸಲು ಅದು ಸಾಕು. ವಂಶಾವಳಿ ಪರೀಕ್ಷೆ ನೋಡುವುದು ಲಕ್ಷಗಟ್ಟಲೆ ಜಾಗಗಳನ್ನು. ಹಾಗಾಗಿ ಮುತ್ತಜ್ಜನ ಅಪ್ಪನಿಂದ ಇಬ್ಬರು ದೂರದ ನೆಂಟರಿಗೂ ಇಳಿದು ಬಂದ ಸಣ್ಣ ತುಣುಕು ಕೂಡ ಅಲ್ಲಿ ಕಾಣುತ್ತದೆ. ಇಂಥ ತುಣುಕುಗಳು ಹೆಚ್ಚಿದ್ದಷ್ಟೂ, ಉದ್ದವಿದ್ದಷ್ಟೂ ನಂಟು ಹತ್ತಿರದ್ದು.

ಹಾಗಂತ ಕಂಪ್ಯೂಟರ್ ಸುಮ್ನೆ ಹೆಸರು ಹೇಳಿಬಿಡಲಿಲ್ಲ. ಹಳೇ ಜನಗಣತಿ, ಪತ್ರಿಕೆಗಳ ನಿಧನವಾರ್ತೆ ಎಲ್ಲ ಕೆದಕಿ, ಅಪರಾಧಿಗೂ ಆ ನೆಂಟರಿಗೂ ಸಮಾನರಾದ ಹಿರಿಯರಿಂದ ಕೆಳಕ್ಕೆ ಒಂದೊಂದೇ ಕವಲನ್ನು ತನಿಖೆಯವರು ಬರೆಯುತ್ತಾ ಬಂದರು. ವಯಸ್ಸು, ಊರು ನೋಡಿ ಜರಡಿ ಹಿಡಿದರು. ಉಳಿದವರಲ್ಲಿ ಇವನೊಬ್ಬ, ಅದೂ ಮಾಜಿ ಪೊಲೀಸ್! ಅವನ ಕಾರಿನ ಬಾಗಿಲ ಹಿಡಿಯನ್ನು ಒರೆಸಿ ಮಾದರಿ ತೆಗೆದರು. ಆಮೇಲೆ ಕಸದಲ್ಲಿ ಸಿಕ್ಕ ಟಿಶ್ಯೂ ಕಾಗದ. ಎರಡೂ ಹಳೆಯ ಸಾಕ್ಷ್ಯಕ್ಕೆ ತಾಳೆಯಾದವು. 2018ರ ಏಪ್ರಿಲ್‌ನಲ್ಲಿ ಬಂಧನ, 2020ರಲ್ಲಿ 13 ಕೊಲೆಗಳ ತಪ್ಪೊಪ್ಪಿಗೆ, ಜೀವಾವಧಿ ಶಿಕ್ಷೆ.

ನನ್ನನ್ನು ಕಾಡುವುದು ಒಂದೇ. 2019ರಲ್ಲಿ ಜೆಡ್‌ಮ್ಯಾಚ್, ಒಪ್ಪಿದವರ ವಿವರವನ್ನಷ್ಟೇ ಪೊಲೀಸರ ಹುಡುಕಾಟಕ್ಕೆ ಕೊಡುವ ನಿಯಮ ತಂದಿತು, ಒಳ್ಳೆಯದೇ. ಆದರೆ ಒಬ್ಬರು ಒಪ್ಪಿದರೆ ಅವರ ದಾಯಾದಿಗಳೆಲ್ಲ ಜೊತೆಗೇ ಸಿಗುತ್ತಾರೆ. ಅವರನ್ನು ಯಾರೂ ಕೇಳಿಲ್ಲ, ಅಲ್ವಾ?