ಪತ್ರದ ಕೊನೆಯ ಎರಡು ಸಾಲು

ಪತ್ರ: ನಮ್ಮ ಮಗ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಕಂಪ್ಯೂಟರ್ ಸೈನ್ಸೇ ಓದಬೇಕು ಅಂತಾನೆ. ಒಳ್ಳೆ ಕಾಲೇಜಲ್ಲಿ ಸಿಎಸ್ ಸೀಟು ಬೇಕಾದರೆ ಒಂಬತ್ತಕ್ಕೇ ಸಿಟಿಯ ರೆಸಿಡೆನ್ಷಿಯಲ್ ಇಂಗ್ಲಿಷ್ ಸ್ಕೂಲಿನ ಎಂಟ್ರೆನ್ಸ್ ಕೋಚಿಂಗಿನ ಫೌಂಡೇಷನ್ ಕೋರ್ಸಿಗೆ ಹಾಕಿ, ಪಿಯುಸಿ ಹೊತ್ತಿಗೆ ತಡವಾಗತ್ತೆ ಅಂತ ನನ್ನ ಮೈದುನ ಹೇಳ್ತಾರೆ. ತೋಟದ ಮೇಲೆ ಸಾಲ ತೆಗೆಯೋಣವೇ? (ಹುಡುಗ ಮೊಬೈಲಲ್ಲೇ ಪೈಥಾನ್ ಅನ್ನೋ ಪ್ರೋಗ್ರಾಮ್ ಭಾಷೆ ಕಲಿತು ಡೇರಿ ಹಾಲಿನ ಲೆಕ್ಕ ಹಾಕೋದು ಏನೋ ಮಾಡಿದಾನೆ. ಅದರಲ್ಲೇ ಟೈಮ್ ಕಳೀತಾನೆ ಅನ್ನೋದೂ ಒಂದು ಯೋಚನೆ.)
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ತಾಯೀ, ನೀವು ಮುಜುಗರಪಟ್ಟು ಕಂಸದೊಳಗೆ ತುರುಕಿದ ಆ ಎರಡು ಸಾಲನ್ನು ನಾನು ಮೂರು ಸಲ ಓದಿದೆ. ಲೀಟರು, ಫ್ಯಾಟು, ಎಸ್‌ಎನ್‌ಎಫು (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಇಷ್ಟನ್ನೂ ಹೊಂದಿಸಿ ಬಟವಾಡೆಗೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕುವುದು ದೊಡ್ಡವರಿಗೇ ತಲೆನೋವು. ಅದನ್ನು ಎಂಟನೇ ಕ್ಲಾಸಿನ ಹುಡುಗ ಯಾರೂ ಹೇಳದೆ ಮಾಡಿದ್ದಾನೆ, ನೀವು ಅದಕ್ಕೆ 'ಏನೋ' ಅಂತ ಹೆಸರಿಟ್ಟಿದ್ದೀರಿ. ಅವನು ಓದಬೇಕೆಂದಿರುವ ಕಂಪ್ಯೂಟರ್ ಸೈನ್ಸ್ ಆಗಲೇ ನಿಮ್ಮ ಹಜಾರದಲ್ಲಿ ಶುರುವಾಗಿದೆಯಲ್ಲ!

ನಿಮ್ಮ ಮೈದುನರ ಮಾತನ್ನು ತೆಗೆದುಹಾಕಲಾರೆ. ಇಂಜಿನಿಯರಿಂಗ್ ಸೀಟಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಆ ವೇಗ ಪಳಗದೆ ಬರದು, ಪಳಗಿಸುವುದು ಕೋಚಿಂಗ್‌ನವರಿಗೆ ಗೊತ್ತು. ಒಪ್ಪಿದೆ. ಆದರೆ ಅದು ಪಿಯುಸಿಯ ಕೆಲಸ. ಅದಕ್ಕೆ ನಾಲ್ಕು ವರ್ಷದ ಹಾಸ್ಟೆಲ್ಲೂ ಬೇಡ, ತೋಟದ ಪಹಣಿಯೂ ಬೇಡ.

ಇನ್ನೊಂದು ಸಂಗತಿಯನ್ನು ಅವರು ನಿಮಗೆ ಹೇಳಿದಂತಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಓದಿದ ಮಕ್ಕಳಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಉಳಿದ ಶರತ್ತುಗಳನ್ನು ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿ ನೋಡಿಕೊಳ್ಳಿ. ಒಂಬತ್ತಕ್ಕೆ ಸಿಟಿಯ ಇಂಗ್ಲಿಷ್ ಶಾಲೆಗೆ ಹಾಕಿದಿರೋ, ಎಂಟು ವರ್ಷ ಕೂಡಿಟ್ಟದ್ದು ಒಂದೇ ಟಿಸಿಯಲ್ಲಿ ಹೋಯಿತು. ಸಾಲ ಮಾಡಿ ಸೀಟು ದೂರ ಮಾಡಿಕೊಂಡ ಹಾಗೆ. ಹತ್ತು ಮುಗಿದ ಮೇಲೆ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ ಬಿಇಒ ಸಹಿ ಹಾಕಿಸಿಡಿ. ಜೂನ್‌ನಲ್ಲಿ ಓಡಾಡುವವರ ಪಾಡು ನೋಡಿದ್ದೇನೆ.

ಪಿಯುಸಿಯಲ್ಲಿ ಪಿಸಿಎಂಸಿ (ಭೌತ, ರಸಾಯನ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡರೇ ಸಿಎಸ್ ಸಿಗುತ್ತದೆ ಎಂಬ ನಂಬಿಕೆಯೊಂದಿದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕವಾಗುವುದು ಭೌತ, ರಸಾಯನ, ಗಣಿತ ಮಾತ್ರ: ಪಿಯುಸಿಯದು ಅರ್ಧ, ಸಿಇಟಿಯದು ಅರ್ಧ. ನಾಲ್ಕನೆಯದನ್ನು ಹುಡುಗ ಇಷ್ಟಪಟ್ಟು ಆರಿಸಿಕೊಳ್ಳಲಿ.

ಗಣಿತದ ಮಾತು ಬಂತಲ್ಲ, ಇನ್ನು ನನ್ನನ್ನು ತಡೆಯಬೇಡಿ. ನಮ್ಮ ಮೇಷ್ಟ್ರು ಒಂದು ಶನಿವಾರ ಶಾಲೆಯ ಜಗುಲಿಯ ಮೇಲೆ ಇದ್ದಿಲಿನಲ್ಲಿ ಚದುರಂಗದ ಮಣೆ ಬರೆದರು. 64 ಮನೆ. ಓರೆಯಾಗಿ ಎದುರುಬದುರಿರುವ ಎರಡು ಮೂಲೆಮನೆಗಳನ್ನು ಅಳಿಸಿದರು. ಉಳಿದದ್ದು 62. ಒಂದು ಬೆಂಕಿಪೊಟ್ಟಣ ಸರಿಯಾಗಿ ಎರಡು ಮನೆ ಮುಚ್ಚುತ್ತದೆ. '31 ಪೊಟ್ಟಣದಲ್ಲಿ ಎಲ್ಲ ಮುಚ್ಚಿ ತೋರಿಸ್ರೋ' ಅಂದು ಸೈಕಲ್ ಹತ್ತಿ ಹೊರಟೇಹೋದರು. ಭಾನುವಾರವಿಡೀ ಜೋಡಿಸಿದೆವು, ಕೆಡಿಸಿದೆವು, ಜಗಳವಾಡಿದೆವು. ಸೋಮವಾರ ಕುರಿ ಕಾಯುವ ಮನೆಯ ಹುಡುಗನೊಬ್ಬ 'ಆಗಾಕಿಲ್ಲ ಸಾ' ಅಂದ. 'ಯಾಕೆ?' ಅಂದರು ಮೇಷ್ಟ್ರು. ಅದನ್ನು ಹೇಳಲು ಅವನಿಗೆ ಇನ್ನೂ ನಾಲ್ಕು ದಿನ ಬೇಕಾಯಿತು. ಮೇಷ್ಟ್ರು ಬಾಯಿಬಿಡಲಿಲ್ಲ. 80 ಸೆಕೆಂಡಿನ ಪ್ರಪಂಚದಲ್ಲಿ ಆ ನಾಲ್ಕು ದಿನಕ್ಕೆ ಜಾಗವೆಲ್ಲಿ?

ಆ ನಾಲ್ಕು ದಿನವನ್ನು ಬೆಲೆಕಟ್ಟಿ ನೋಡುವ ಬಾಗಿಲುಗಳೂ ಇವೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಗಣಿತ–ಕಂಪ್ಯೂಟರ್ ಸೈನ್ಸ್ ಬಿಎಸ್‌ಸಿಯ ಪ್ರವೇಶ ಪರೀಕ್ಷೆಯಲ್ಲಿ ಭೌತವೂ ಇಲ್ಲ, ರಸಾಯನವೂ ಇಲ್ಲ. ಇರುವುದು ಗಣಿತ ಮಾತ್ರ, ಅದರಲ್ಲೂ ಒಂದು ಭಾಗದಲ್ಲಿ ಉತ್ತರ ಹೇಗೆ ಬಂತೆಂದು ಬಿಡಿಸಿ ಬರೆಯಬೇಕು. ಶಾಲಾ ಮಕ್ಕಳ ಕಂಪ್ಯೂಟರ್ ಸೈನ್ಸ್ ಸ್ಪರ್ಧೆಯಾದ ಝೋನಲ್ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಅವಕ್ಕೆ ಕಂಪ್ಯೂಟರೂ ಬೇಡ, ಕಾಗದ ಪೆನ್ಸಿಲ್ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 2022ರಿಂದ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಿಟೆಕ್ ಇದೆ, ಆದರೆ ಅಲ್ಲಿಗೆ ಐಐಟಿ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್ ದಾಟಿಯೇ ಹೋಗಬೇಕು.

ಅಲ್ಲಿಯೇ ನನಗೆ ಉರಿಯುವುದು. ಅದಕ್ಕೂ ಮೊದಲ ಹಂತವಾದ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬರೆಯಬಹುದು. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಇಲ್ಲವೇ ಹಿಂದಿ. ಮೊದಲ ಮೆಟ್ಟಿಲಿಗೆ ಕನ್ನಡದಲ್ಲಿ ಕರೆದು ಎರಡನೆಯದರಲ್ಲಿ ಕದ ಹಾಕಿಕೊಳ್ಳುವುದು ಯಾವ ನ್ಯಾಯ? ಇನ್ನು ನಮ್ಮ ಶಾಲೆಗಳು! ಹೋದ ವರ್ಷ ಬಹುಮಾನ ವಿತರಣೆಗೆಂದು ಹೈಸ್ಕೂಲೊಂದಕ್ಕೆ ಹೋಗಿದ್ದೆ. ಕಂಪ್ಯೂಟರ್ ಕೊಠಡಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಎಂಟು ಕಂಪ್ಯೂಟರಿಗೂ ಕಸೂತಿ ಹಾಕಿದ ಗೌಸು, ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. 'ಕೆಟ್ಟರೆ ಆಡಿಟ್‌ನಲ್ಲಿ ನನ್ನ ತಲೆಗೆ ಬರತ್ತೆ ಸಾರ್' ಅಂದರು ಹೆಡ್‌ಮಾಸ್ಟರು. ಕೆಡುವಷ್ಟು ಮುಟ್ಟದೆ ಮಕ್ಕಳು ಕಲಿಯುವುದು ಹೇಗೆ ಸ್ವಾಮಿ?

ನಮ್ಮದೂ ಸಾಚಾ ಏನಲ್ಲ. ಈ ಪತ್ರಿಕೆಯ ಮೇ ತಿಂಗಳ ಸಂಚಿಕೆ ತಿರುಗಿಸಿ: ಹಿಂಬದಿಯ ತುಂಬ ರ‍್ಯಾಂಕ್ ಬಂದ ಮಕ್ಕಳ ಪಾಸ್‌ಪೋರ್ಟ್ ಸೈಜಿನ ಮುಖಗಳು. ಆ ಜಾಹೀರಾತಿನ ದುಡ್ಡಿನಲ್ಲೇ ಈ ಉತ್ತರವೂ ಅಚ್ಚಾಗುತ್ತಿದೆ. ಮ್ಯಾನೇಜರು ಈ ಪುಟ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸಾಲ ಬೇಡ ತಾಯೀ. ಆಗುವುದಾದರೆ ಹಳೆಯದೊಂದು ಲ್ಯಾಪ್‌ಟಾಪ್ ಕೊಡಿಸಿ, ಮೊಬೈಲಿನಲ್ಲಿ ಪ್ರೋಗ್ರಾಮ್ ಬರೆಯುವವನ ಹೆಬ್ಬೆರಳಿಗೆ ಸ್ವಲ್ಪ ಬಿಡುವಾಗಲಿ. ಬೆಂಕಿಪೊಟ್ಟಣದ ಲೆಕ್ಕವನ್ನೂ ಅವನಿಗೆ ಕೊಡಿ. ಆಗುವುದಿಲ್ಲ ಅಂತ ನಾನೇ ಹೇಳಿಬಿಟ್ಟಿದ್ದೇನೆ, ಯಾಕೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸಲಿ. ಜೊತೆಗೆ ಆ ಹಾಲಿನ ಪ್ರೋಗ್ರಾಮೂ ಇರಲಿ. ಊರಲ್ಲಿ ನನ್ನ ತಮ್ಮ ಎರಡು ಹಸು ಕಟ್ಟಿದ್ದಾನೆ, ಅವನ ಬಟವಾಡೆ ಲೆಕ್ಕ ಇನ್ನೂ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲೇ ನಡೆಯುತ್ತಿದೆ.